ತಂಡ ಚದುರಿದ ಮೇಲೆ ಬಂದ ಆಲ್ಬಂ: ‘ಕೇಟಿ ಲೈಡ್’ ಯಾರದು, ಅದರ ಧ್ವನಿ ಏಕೆ ಮಂಕು?

ಪ್ರಶ್ನೆ: ಅಮೆರಿಕದ ರಾಕ್ ತಂಡ ಸ್ಟೀಲಿ ಡ್ಯಾನ್‌ನ 1975ರ ‘ಕೇಟಿ ಲೈಡ್’ ಆಲ್ಬಮ್ಮಿನ ಹಳೆಯ ಎಲ್‌ಪಿ ಸಿಕ್ಕಿದೆ. ಹೊದಿಕೆಯ ಮೇಲೆ ಹೆಸರುಗಳ ಸಂತೆಯೇ ಇದೆ. ಗಿಟಾರ್ ಒಂದಕ್ಕೇ ಆರೇಳು ಜನ. ಇದು ಬ್ಯಾಂಡ್ ಮಾಡಿದ ಆಲ್ಬಮ್ಮೋ, ಕೂಲಿ ಕೊಟ್ಟು ನುಡಿಸಿದ ಆಲ್ಬಮ್ಮೋ? ಯಾರು ಯಾವ ಹಾಡಿನಲ್ಲಿ ಇದ್ದಾರೆಂದು ಕೇಳಿಯೇ ಗುರುತಿಸಲು ಆಗುತ್ತದೆಯೇ? ಇನ್ನೊಂದು ವಿಷಯ: ಇದಕ್ಕೂ ಹಿಂದಿನ ‘ಪ್ರೆಟ್ಜೆಲ್ ಲಾಜಿಕ್’ಗೆ ಹೋಲಿಸಿದರೆ ಡ್ರಮ್ಸಿನ ಲೋಹದ ತಟ್ಟೆಗಳಾದ ಸಿಂಬಲ್‌ಗಳು ಮಂಕಾಗಿ ಕೇಳುತ್ತವೆ. ನನ್ನ ಸೂಜಿ ಸವೆದಿದೆಯೋ, ರೆಕಾರ್ಡಿಂಗೇ ಹಾಗೋ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಏಕೆಂದರೆ ಸೂಜಿ ಬದಲಿಸಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಮಂಕು ರೆಕಾರ್ಡಿಂಗಿನಲ್ಲೇ ಇದೆ. ಟೇಪಿನ ಸುಯ್ ಎನ್ನುವ ಸದ್ದನ್ನು ಅಡಗಿಸಲು ಬಳಸಿದ ಡಿಬಿಎಕ್ಸ್ ಉಪಕರಣ ಕೈಕೊಟ್ಟಿತು. ಆ ಕಂಪನಿಯ ಎಂಜಿನಿಯರ್‌ಗಳನ್ನು ಕೇಳಿ ಹಾನಿಯನ್ನು ಬಹುಪಾಲು ಸರಿಪಡಿಸಿದರು, ಆದರೆ ಪೂರ್ತಿ ಅಲ್ಲ. ತಂಡದ ಇಬ್ಬರು ಯಜಮಾನರಾದ ಡೊನಾಲ್ಡ್ ಫೇಗನ್ ಮತ್ತು ವಾಲ್ಟರ್ ಬೆಕರ್ ಸಿದ್ಧವಾದ ಆಲ್ಬಮ್ಮನ್ನು ಕೇಳಲು ಒಪ್ಪಲೇ ಇಲ್ಲ. ಹಾಗೆಂದು ನಿಮ್ಮ ಸೂಜಿ ನಿರಪರಾಧಿ ಎಂದೂ ಹೇಳಲಾಗದು. ಎರಡನ್ನೂ ಬೇರ್ಪಡಿಸಿ ಪರೀಕ್ಷಿಸುವ ದಾರಿ ಈ ಆಲ್ಬಮ್ಮಿನ ಹಾಡುಗಳ ಸಾಲಿನಲ್ಲೇ ಇದೆ. ಅದಕ್ಕೆ ಯಾರು ಎಲ್ಲಿ ನುಡಿಸಿದ್ದಾರೆಂದು ಗೊತ್ತಿರಬೇಕು. ಆದ್ದರಿಂದ ಜನರಿಂದ ಶುರುಮಾಡೋಣ.

ನ್ಯೂಯಾರ್ಕಿನ ಗಿಟಾರ್ ವಾದಕ ಡೆನಿ ಡಯಸ್ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಜಾಝ್ ಬಲ್ಲ ಬೇಸ್ ಮತ್ತು ಕೀಬೋರ್ಡ್ ವಾದಕರು ಬೇಕೆಂದು ಜಾಹೀರಾತು ಕೊಟ್ಟಿದ್ದರು. ಅದಕ್ಕೆ ಬಂದವರು ಬಾರ್ಡ್ ಕಾಲೇಜಿನಲ್ಲಿ ಜೊತೆಯಾಗಿದ್ದ ಬೆಕರ್ ಮತ್ತು ಫೇಗನ್. ಮುಂದೆ ನಿರ್ಮಾಪಕ ಗ್ಯಾರಿ ಕ್ಯಾಟ್ಜ್ ಇಬ್ಬರನ್ನೂ ಎಬಿಸಿ ರೆಕಾರ್ಡ್ಸ್‌ಗೆ ಹಾಡು ಬರೆಯುವವರನ್ನಾಗಿ ಲಾಸ್ ಏಂಜಲಿಸ್‌ಗೆ ಕರೆಸಿಕೊಂಡರು. ಅವರ ಹಾಡುಗಳು ಬೇರೆ ಗಾಯಕರಿಗೆ ಒಗ್ಗದೆ ಹೋದಾಗ ತಮ್ಮದೇ ತಂಡ ಕಟ್ಟಿಕೊಂಡರು: ಡಯಸ್, ಇನ್ನೊಬ್ಬ ಗಿಟಾರ್ ವಾದಕ ಜೆಫ್ ಬ್ಯಾಕ್ಸ್‌ಟರ್, ಡ್ರಮ್ಮರ್ ಜಿಮ್ ಹಾಡರ್, ಗಾಯಕ ಡೇವಿಡ್ ಪಾಮರ್. ಮೊದಲ ಆಲ್ಬಂ 1972ರಲ್ಲಿ ಬಂತು. ಪಾಮರ್ ಬೇಗನೆ ಹೊರನಡೆದರು, ಮುಖ್ಯ ಗಾಯನ ಫೇಗನ್ ಪಾಲಿಗೆ ಬಂತು. 1973ರ ‘ಕೌಂಟ್‌ಡೌನ್ ಟು ಎಕ್ಸ್‌ಟಸಿ’ಯನ್ನು ನಿಜವಾದ ಅರ್ಥದಲ್ಲಿ ಬ್ಯಾಂಡ್ ನುಡಿಸಿದೆ. 1974ರ ‘ಪ್ರೆಟ್ಜೆಲ್ ಲಾಜಿಕ್’ ಹೊತ್ತಿಗೆ ತಂಡದಲ್ಲಿ ಹಾಡರ್ ಇದ್ದರೂ ಡ್ರಮ್ಸ್ ಮುಂದೆ ಹೆಚ್ಚಾಗಿ ಕುಳಿತದ್ದು ಸ್ಟುಡಿಯೊ ವಾದಕ ಜಿಮ್ ಗಾರ್ಡನ್. ಸ್ವಂತ ಡ್ರಮ್ಮರ್ ಹಿನ್ನೆಲೆ ಗಾಯನಕ್ಕೆ ಸರಿದ ಮೇಲೆ ಆ ತಂಡ ಎಷ್ಟು ದಿನ ಉಳಿದೀತು?

1974ರ ಜುಲೈ ಮೊದಲ ವಾರ ಸಾಂಟಾ ಮೋನಿಕಾ ಸಿವಿಕ್ ಆಡಿಟೋರಿಯಮ್ಮಿನಲ್ಲಿ ನಡೆದ ಕಛೇರಿಯೇ ಕೊನೆಯದಾಯಿತು. ಬೆಕರ್ ಮತ್ತು ಫೇಗನ್‌ಗೆ ಊರೂರು ತಿರುಗುವುದು ಸಾಕಾಗಿತ್ತು. ಬ್ಯಾಕ್ಸ್‌ಟರ್ ಮತ್ತು ಹಾಡರ್‌ಗೆ ವೇದಿಕೆಯೇ ಬದುಕು. ಇಬ್ಬರೂ ಹೊರಟರು. ಬ್ಯಾಕ್ಸ್‌ಟರ್ ಡೂಬಿ ಬ್ರದರ್ಸ್ ಸೇರಿದರು. ಸ್ಟೀಲಿ ಡ್ಯಾನ್ ಮತ್ತೆ ಪ್ರವಾಸ ಹೊರಟದ್ದು 1993ರಲ್ಲಿ.

ಇಲ್ಲಿ ಒಂದು ಎಳೆಯನ್ನು ಬಿಡಬಾರದು. ಆ ಕೊನೆಯ ಪ್ರವಾಸಕ್ಕೆ ಹೆಚ್ಚುವರಿಯಾಗಿ ಸೇರಿಸಿಕೊಂಡವರಲ್ಲಿ ಈ ಇಬ್ಬರಿದ್ದರು: ಎರಡನೆಯ ಡ್ರಮ್ಮರ್ ಆಗಿ ಜೆಫ್ ಪೊರ್ಕಾರೊ, ಕೀಬೋರ್ಡ್ ಮತ್ತು ಗಾಯನಕ್ಕೆ ಮೈಕಲ್ ಮೆಕ್‌ಡೊನಾಲ್ಡ್. ‘ಕೇಟಿ ಲೈಡ್’ನಲ್ಲಿ ಅತಿ ಹೆಚ್ಚು ಎದ್ದು ಕೇಳುವ ಹೊಸಬರು ಇವರಿಬ್ಬರೇ. ಅಂದರೆ ಇವರನ್ನು ಸ್ಟುಡಿಯೊಗಾಗಿ ಹೊಸದಾಗಿ ಹುಡುಕಿ ತಂದದ್ದಲ್ಲ, ವೇದಿಕೆಯ ತಂಡದಿಂದಲೇ ಉಳಿಸಿಕೊಂಡದ್ದು. ಹಾಗಾಗಿ ‘ಬ್ಯಾಂಡ್ ಮುರಿಯಿತು, ಬಾಡಿಗೆಯವರು ಬಂದರು’ ಎಂಬ ಮಾತು ಅರ್ಧ ಮಾತ್ರ ನಿಜ. ಎಬಿಸಿಯ ಲಾಸ್ ಏಂಜಲಿಸ್ ಸ್ಟುಡಿಯೊದಲ್ಲಿ 1974ರ ಕೊನೆಗೆ ಕೆಲಸ ಶುರುವಾದಾಗ ಪೊರ್ಕಾರೊಗೆ ಇನ್ನೂ 20 ವರ್ಷ. ಡಯಸ್ ಕೂಡ ಉಳಿದರು, ಆದರೆ ಕರೆದಾಗ ಬಂದು ನುಡಿಸುವವರಾಗಿ. ಜಾಹೀರಾತು ಕೊಟ್ಟು ತಂಡ ಕಟ್ಟಲು ಹೊರಟವರೇ ಕೊನೆಗೆ ಅತಿಥಿಯಾದರು.

ಇನ್ನು ನಿಮ್ಮ ಕೈಯಲ್ಲಿರುವ ಹೊದಿಕೆಗೆ ಬರೋಣ. ಅದರ ಮೇಲಿರುವ ಕೀಟ ಮಿಡತೆಯ ಬಳಗದ ಕೇಟಿಡಿಡ್. ಅದು ಕೂಗುವುದು ‘ಕೇಟಿ ಮಾಡಿದಳು’ ಎಂದಂತೆ ಇಂಗ್ಲಿಷ್ ಕಿವಿಗೆ ಕೇಳುತ್ತದೆ. ಆಲ್ಬಮ್ಮಿನ ಹೆಸರು ‘ಕೇಟಿ ಸುಳ್ಳು ಹೇಳಿದಳು’. ಹೆಸರುಗಳನ್ನು ಬಹುಮಟ್ಟಿಗೆ ವಾದ್ಯದ ಲೆಕ್ಕದಲ್ಲಿ ಕೊಟ್ಟಿದ್ದಾರೆ, ಹಾಡಿನ ಲೆಕ್ಕದಲ್ಲಿ ಅಲ್ಲ. ಗೊಂದಲಕ್ಕೆ ಕಾರಣ ಅದೇ. ಬೇಸ್‌ಗೆ ಬೆಕರ್, ಚಕ್ ರೇನಿ, ವಿಲ್ಟನ್ ಫೆಲ್ಡರ್. ಈ ಫೆಲ್ಡರ್ ಕ್ರುಸೇಡರ್ಸ್ ತಂಡದ ಸ್ಯಾಕ್ಸೊಫೋನ್ ವಾದಕ, ಸ್ಟುಡಿಯೊಗಳಲ್ಲಿ ಬೇಸ್ ನುಡಿಸಿ ಎರಡನೆಯ ಸಂಪಾದನೆ ಮಾಡುತ್ತಿದ್ದವರು. ಕೀಬೋರ್ಡ್‌ಗೆ ಫೇಗನ್, ಮೈಕಲ್ ಒಮಾರ್ಟಿಯನ್, ಡೇವಿಡ್ ಪೈಚ್. ಗಿಟಾರ್‌ಗೆ ಬೆಕರ್, ಡಯಸ್, ರಿಕ್ ಡೆರಿಂಜರ್, ಎಲಿಯಟ್ ರ್‍ಯಾಂಡಲ್, ಡೀನ್ ಪಾರ್ಕ್ಸ್, ಹ್ಯೂ ಮೆಕ್ರಾಕನ್, ಲ್ಯಾರಿ ಕಾರ್ಲ್‌ಟನ್. ತಾಳವಾದ್ಯ ಮತ್ತು ವೈಬ್ರಫೋನ್‌ಗೆ ವಿಕ್ಟರ್ ಫೆಲ್ಡ್‌ಮನ್. ಸುಮಾರು 35 ನಿಮಿಷದ, ಹತ್ತು ಹಾಡಿನ ಆಲ್ಬಮ್ಮಿಗೆ ಇಷ್ಟು ಜನ.

ಆದರೆ ಡ್ರಮ್ಸ್ ಸಾಲನ್ನು ನೋಡಿ. ಹತ್ತರಲ್ಲಿ ಒಂಬತ್ತು ಹಾಡಿಗೆ ಪೊರ್ಕಾರೊ ಒಬ್ಬರೇ. ‘ಎನಿ ವರ್ಲ್ಡ್ (ದಟ್ ಐಯಾಮ್ ವೆಲ್ಕಮ್ ಟು)’ ಒಂದಕ್ಕೆ ಮಾತ್ರ ಹಾಲ್ ಬ್ಲೇನ್. ಇಷ್ಟು ಜನ ಬಂದು ಹೋದರೂ ಆಲ್ಬಂ ಕಲಸುಮೇಲೋಗರ ಆಗದಿರಲು ನನ್ನ ಲೆಕ್ಕದಲ್ಲಿ ಇದೇ ಕಾರಣ. ಬೆಕರ್ ಮತ್ತು ಫೇಗನ್ ಮುಂದಿನ ಆಲ್ಬಂಗಳಲ್ಲಿ ಎಲ್ಲವನ್ನೂ ಬದಲಿಸಿದಂತೆ ಕಂಡರೂ ಒಂದು ಕಾಲನ್ನು ಯಾವಾಗಲೂ ನೆಲಕ್ಕೆ ಊರಿಯೇ ಇರುತ್ತಾರೆ. 1977ರ ‘ಏಜಾ’ದಲ್ಲಿ ಏಳು ಹಾಡಿಗೆ ಆರು ಡ್ರಮ್ಮರ್‌ಗಳು: ಪಾಲ್ ಹಂಫ್ರಿ, ಸ್ಟೀವ್ ಗ್ಯಾಡ್, ಎರಡು ಹಾಡಿಗೆ ಬರ್ನಾರ್ಡ್ ಪರ್ಡಿ, ರಿಕ್ ಮರೋಟಾ, ಎಡ್ ಗ್ರೀನ್, ಜಿಮ್ ಕೆಲ್ಟ್‌ನರ್. ಆದರೆ ಬೇಸ್ ಏಳರಲ್ಲಿ ಆರು ಹಾಡಿಗೆ ಚಕ್ ರೇನಿ; ‘ಡೀಕನ್ ಬ್ಲೂಸ್’ ಒಂದಕ್ಕೆ ಬೆಕರ್. ‘ಕೇಟಿ ಲೈಡ್’ನಲ್ಲಿ ಬೇಸ್ ಬದಲಾಗುತ್ತದೆ, ಡ್ರಮ್ಸ್ ನಿಲ್ಲುತ್ತದೆ. ‘ಏಜಾ’ದಲ್ಲಿ ಡ್ರಮ್ಸ್ ಬದಲಾಗುತ್ತದೆ, ಬೇಸ್ ನಿಲ್ಲುತ್ತದೆ. ಇದರ ಜೊತೆಗೆ ಎರಡರಲ್ಲೂ ಬರೆದವರು ಅವರೇ, ಹಾಡಿದವರು ಫೇಗನ್, ನಿರ್ಮಾಪಕ ಕ್ಯಾಟ್ಜ್, ಎಂಜಿನಿಯರ್ ರೋಜರ್ ನಿಕಲ್ಸ್. ಈ ನಿಕಲ್ಸ್ ಧ್ವನಿಮುದ್ರಣಕ್ಕೆ ಬರುವ ಮುನ್ನ ಕ್ಯಾಲಿಫೋರ್ನಿಯಾದ ಸಾನ್ ಒನೊಫ್ರೆ ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡಿದ್ದವರು. ಮೀಟರಿನ ಮುಳ್ಳನ್ನು ನಂಬುವ ಅಭ್ಯಾಸ ಅಲ್ಲಿಂದಲೇ ಬಂದಿರಬೇಕು. ಅಷ್ಟು ಶಿಸ್ತಿನ ಮನುಷ್ಯನಿಗೇ ಈ ಆಲ್ಬಮ್ಮಿನಲ್ಲಿ ಯಂತ್ರ ಕೈಕೊಟ್ಟಿದ್ದು ವಿಪರ್ಯಾಸ.

ಹಾಗಾದರೆ ಬ್ಯಾಂಡ್ ಆಲ್ಬಮ್ಮೋ ಅಲ್ಲವೋ? ಬ್ಯಾಂಡ್ ಎಂದರೆ ಫೋಟೊದಲ್ಲಿ ಸಾಲಾಗಿ ನಿಲ್ಲುವ ಐದು ಜನ ಎಂದಾದರೆ ಅಲ್ಲ. ಒಂದೇ ಕಿವಿ ಎಲ್ಲ ನಿರ್ಧಾರ ಮಾಡಿದೆ ಎಂಬ ಅರ್ಥದಲ್ಲಿ ಹೌದು. ಕನ್ನಡ ಚಿತ್ರಗೀತೆ ಕೇಳಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಮದ್ರಾಸಿನ ಸ್ಟುಡಿಯೊಗಳಲ್ಲಿ ಧ್ವನಿಮುದ್ರಣವಾಗುತ್ತಿದ್ದ ಕಾಲದ ನಮ್ಮ ಹಾಡುಗಳನ್ನೂ ನುಡಿಸಿದವರು ಸಂಗೀತ ನಿರ್ದೇಶಕ ಕರೆಸಿದ ವಾದಕರೇ. ವ್ಯತ್ಯಾಸ ಇಷ್ಟೇ: ಅವರ ಹೆಸರು ನಮ್ಮ ಗ್ರಾಮಫೋನ್ ತಟ್ಟೆಗಳ ಮೇಲೆ ಬರಲಿಲ್ಲ, ಇವರದು ಬಂತು.

ಸೆಷನ್ ವಾದಕರು, ಅಂದರೆ ಕೂಲಿಗೆ ಬಂದು ನುಡಿಸಿ ಹೋಗುವವರು, ಏಕೆ ಬೇಕಾಯಿತು ಎನ್ನುವುದಕ್ಕೆ ಕಾರ್ಡ್‌ಗಳನ್ನೇ, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಂಪುಗಳನ್ನೇ, ನೋಡಬೇಕು. ಸ್ಟೀಲಿ ಡ್ಯಾನ್ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಕಾರ್ಡ್‌ಗೆ ಅವರೇ ‘ಮ್ಯೂ ಮೇಜರ್’ ಎಂದು ಹೆಸರಿಟ್ಟಿದ್ದರು. ನಮ್ಮ ಭಾಷೆಯಲ್ಲಿ ಹೇಳಿದರೆ ಸ-ಗ-ಪ ಮೂರು ಸ್ವರಕ್ಕೆ ಚತುಶ್ರುತಿ ರಿಷಭ ಸೇರಿಸುವುದು. ಆದರೆ ರಿ ಮೇಲಿನ ಸ್ಥಾಯಿಯಲ್ಲಿದ್ದರೆ ಆಗದು. ಅದು ಅಂತರ ಗಾಂಧಾರಕ್ಕೆ ಮೈತಾಗಿಸಿಕೊಂಡು ಕೂರಬೇಕು, ನಿಷಾದ ಇರಬಾರದು. ಪಿಯಾನೊದಲ್ಲಿ ರಿ-ಗ ಅಕ್ಕಪಕ್ಕದ ಎರಡು ಬೆರಳಿನ ಕೆಲಸ. ಗಿಟಾರಿನಲ್ಲಿ ಅಕ್ಕಪಕ್ಕದ ಎರಡು ತಂತಿಯ ಮೇಲೆ ಬೆರಳುಗಳನ್ನು ಅಗಲಿಸಿ ಹಿಡಿಯಬೇಕು. ಸಾಮಾನ್ಯ ರಾಕ್ ಗಿಟಾರ್ ವಾದಕ ಕೈಗೆ ಸುಲಭವಾದ ಹಿಡಿತ ಹಿಡಿದರೆ ರಿ ಮೇಲಕ್ಕೆ ಹಾರುತ್ತದೆ, ಆ ಸಣ್ಣ ಒಗರು ಮಾಯ. ಇಂಥ ಹತ್ತಾರು ಕಾರ್ಡ್‌ಗಳು ಒಂದೇ ಹಾಡಿನಲ್ಲಿ ಶ್ರುತಿ ಬದಲಿಸುತ್ತ ಬಂದಾಗ, ಹಾಳೆ ನೋಡಿ ಮೊದಲ ಸಲಕ್ಕೇ ಸರಿಯಾಗಿ ಹಿಡಿಯುವವರು ಬೇಕಾಗುತ್ತಾರೆ.

ಕಾಸಿನ ಲೆಕ್ಕವೂ ಇದೆ. ಅಮೆರಿಕದ ವಾದಕರ ಸಂಘದ ಒಪ್ಪಂದದಲ್ಲಿ ಒಂದು ಸೆಷನ್ ಎಂದರೆ ಮೂರು ಗಂಟೆ. ಅದರಲ್ಲಿ ಬಳಕೆಗೆ ಸಿಗಬಹುದಾದ ಸಂಗೀತ ಹೆಚ್ಚೆಂದರೆ 15 ನಿಮಿಷ. ಸೆಷನ್ನಿನ ಮುಖಂಡನಿಗೆ ದುಪ್ಪಟ್ಟು ಸಂಬಳ. ಅವಧಿ ಮೀರಿದರೆ ಹೆಚ್ಚುವರಿ ಹಣ. ಹೆಚ್ಚಿನವರು ಒಂದು ಸೆಷನ್ನಿನಲ್ಲಿ ಮೂರು ನಾಲ್ಕು ಹಾಡು ಮುಗಿಸಿ ಕೈತೊಳೆದುಕೊಳ್ಳುತ್ತಿದ್ದರು. ಸ್ಟೀಲಿ ಡ್ಯಾನ್ ಸೆಷನ್‌ಗಳು ಹಾಗಿರಲಿಲ್ಲ: ಅದೇ ಹಾಡನ್ನು ಮತ್ತೆ ಮತ್ತೆ ನುಡಿಸು, ಸರಿಹೋಗದಿದ್ದರೆ ಇನ್ನೊಂದು ದಿನ ಇನ್ನೊಬ್ಬರನ್ನು ಕರೆಸು. 24 ಟ್ರ್ಯಾಕಿನ, ಅಂದರೆ ಬೇರೆ ಬೇರೆ ಸದ್ದಿಗೆ 24 ಸಮಾನಾಂತರ ಪಟ್ಟಿಗಳಿರುವ, ಎರಡಿಂಚು ಅಗಲದ ಟೇಪು ಸೆಕೆಂಡಿಗೆ 30 ಇಂಚಿನ ವೇಗದಲ್ಲಿ ಓಡಿದರೆ 2500 ಅಡಿಯ ಸುರುಳಿ 16 ನಿಮಿಷ 40 ಸೆಕೆಂಡಿಗೆ ಮುಗಿಯುತ್ತದೆ. ನಾಲ್ಕು ನಿಮಿಷದ ಹಾಡಿನ ನಾಲ್ಕು ಟೇಕ್ (ಮೊದಲಿಂದ ಕೊನೆಯವರೆಗಿನ ಒಂದೊಂದು ಮುದ್ರಣ), ಅಷ್ಟೇ. ಐದನೆಯದಕ್ಕೆ ಹೊಸ ಸುರುಳಿ ಏರಿಸಬೇಕು, ಇಲ್ಲವೇ ಹಳೆಯ ಟೇಕಿನ ಮೇಲೇ ಮುದ್ರಿಸಬೇಕು.

ಈ ಬಗೆಯ ಕೆಲಸದ ಕ್ರಮ ಸ್ಥೂಲವಾಗಿ ಹೀಗೆ: ಡ್ರಮ್ಸ್, ಬೇಸ್, ಒಂದು ಪಿಯಾನೊ, ಒಂದು ಗಿಟಾರ್ ಕೂಡಿಯೇ ನುಡಿಸಿ ಹಾಡಿನ ಅಡಿಪಾಯ ಹಾಕುವುದು. ಆಗ ಗಾಯಕನ ಧ್ವನಿ ಕೇವಲ ದಾರಿ ತೋರಿಸಲು. ಡ್ರಮ್ಸ್ ಸರಿಯಿದ್ದು ಉಳಿದದ್ದು ತಪ್ಪಿದರೆ ಟೇಕನ್ನು ಉಳಿಸಿಕೊಳ್ಳಬಹುದು. ಉಳಿದವರು ನಂತರ ಒಬ್ಬೊಬ್ಬರಾಗಿ ಓವರ್‌ಡಬ್ ಮಾಡುತ್ತಾರೆ, ಅಂದರೆ ಅದೇ ಟೇಪನ್ನು ಕೇಳುತ್ತ ತಮ್ಮ ಭಾಗವನ್ನು ಸೇರಿಸಿ ನುಡಿಸುತ್ತಾರೆ. ಡ್ರಮ್ಸೇ ಓಡಿದರೆ, ಇಲ್ಲವೇ ಎಳೆದರೆ ಆ ಟೇಕು ಕಸಕ್ಕೆ, ಏಕೆಂದರೆ ಡ್ರಮ್ ಕಿಟ್ಟಿನ ಸುತ್ತಲಿನ ಮೈಕುಗಳಲ್ಲಿ ಎಲ್ಲರ ಸದ್ದೂ ಸೋರಿರುತ್ತದೆ, ಅದನ್ನು ಮಾತ್ರ ಕಿತ್ತು ಬೇರೆ ಇಡಲಾಗದು. ಆಮೇಲೆ ಸೋಲೊ, ಕೊಂಬುವಾದ್ಯ, ಹಿನ್ನೆಲೆ ಗಾಯನ, ಕಡೆಗೆ ಫೇಗನ್‌ರ ಗಾಯನ. ‘ಥ್ರೋ ಬ್ಯಾಕ್ ದಿ ಲಿಟ್ಲ್ ಒನ್ಸ್’ನ ಕೊಂಬುವಾದ್ಯಗಳನ್ನು ಜೋಡಿಸಿದವರು ಜಿಮ್ಮಿ ಹ್ಯಾಸ್ಕೆಲ್.

ಕೇಳಿ ಗುರುತಿಸಬಹುದೇ ಎಂದು ಕೇಳಿದ್ದೀರಿ. ಕೆಲವನ್ನು ಖಂಡಿತ. ‘ಬ್ಲ್ಯಾಕ್ ಫ್ರೈಡೇ’ ಮತ್ತು ‘ಬ್ಯಾಡ್ ಸ್ನೀಕರ್ಸ್’ ಸೋಲೊಗಳು ಬೆಕರ್ ಅವರವು. ಚಿಕ್ಕ ಚಿಕ್ಕ ವಾಕ್ಯ, ನಡುವೆ ಮೌನ, ಬ್ಲೂಸ್‌ನ ಎಳೆತ. ಕೈಚಳಕ ತೋರಿಸುವ ಉಮೇದಿಲ್ಲ. ‘ಯುವರ್ ಗೋಲ್ಡ್ ಟೀತ್ 2’ರಲ್ಲಿ ಡಯಸ್: ಬಿಬಾಪ್ ಸ್ಯಾಕ್ಸೊಫೋನಿನಂತೆ ಸ್ವರಗಳು ಒಂದರ ಹಿಂದೊಂದು ಸಮವಾಗಿ ಹರಿಯುತ್ತವೆ, ತಂತಿ ಜಗ್ಗುವುದು ತೀರ ಕಡಿಮೆ. ಇಬ್ಬರ ಸೋಲೊಗಳನ್ನು ಬೆನ್ನಿಗೆ ಬೆನ್ನು ಕೇಳಿದರೆ ಒಬ್ಬರೇ ಅಲ್ಲವೆಂದು ಹೊಸಬರಿಗೂ ತಿಳಿಯುತ್ತದೆ. ‘ಚೈನ್ ಲೈಟ್ನಿಂಗ್’ನ ಷಫಲ್ ಬ್ಲೂಸ್‌ನಲ್ಲಿ ಡೆರಿಂಜರ್. ‘ಥ್ರೋ ಬ್ಯಾಕ್ ದಿ ಲಿಟ್ಲ್ ಒನ್ಸ್’ನಲ್ಲಿ ರ್‍ಯಾಂಡಲ್, 1972ರ ‘ರೀಲಿನ್ ಇನ್ ದಿ ಇಯರ್ಸ್’ ಸೋಲೊ ನುಡಿಸಿದ್ದವರೂ ಇವರೇ. ‘ಡಾಕ್ಟರ್ ವೂ’ದ ಆಲ್ಟೊ ಸ್ಯಾಕ್ಸೊಫೋನ್ ಜಾಝ್ ಲೋಕದ ದೊಡ್ಡ ಹೆಸರಾದ ಫಿಲ್ ವುಡ್ಸ್ ಅವರದು. ಎರಡೇ ವರ್ಷದಲ್ಲಿ ಬಿಲ್ಲಿ ಜೋಯಲ್‌ರ ‘ಜಸ್ಟ್ ದಿ ವೇ ಯು ಆರ್’ ಹಾಡಿನಲ್ಲೂ ಇದೇ ಸ್ಯಾಕ್ಸ್ ಕೇಳಿಬಂತು. ‘ಬ್ಯಾಡ್ ಸ್ನೀಕರ್ಸ್’ನಲ್ಲಿ ಫೇಗನ್‌ರ ಹಿಂದೆ ಗಟ್ಟಿಯಾಗಿ, ಸ್ವಲ್ಪ ಗೊಗ್ಗರಾಗಿ ಮೇಲೇಳುವ ಧ್ವನಿ ಮೆಕ್‌ಡೊನಾಲ್ಡ್. ಒಮ್ಮೆ ಹಿಡಿದರೆ ಮತ್ತೆ ಮರೆಯುವಂಥದ್ದಲ್ಲ.

ತಾಳವನ್ನು ಹಿಡಿದಿಟ್ಟ ಲಯದ ಗಿಟಾರ್‌ಗಳು ಯಾರವು ಎಂದು ಹಾಡುಹಾಡಿಗೂ ಹೇಳಲು ಹೊರಡಬೇಡಿ. ಪಾರ್ಕ್ಸ್, ಮೆಕ್ರಾಕನ್, ಕಾರ್ಲ್‌ಟನ್ ಮೂವರೂ ತಮ್ಮ ಗುರುತನ್ನು ಅಳಿಸಿಕೊಂಡು ನುಡಿಸುವುದಕ್ಕೇ ಹಣ ಪಡೆಯುತ್ತಿದ್ದವರು. ಸಂಘದ ಒಪ್ಪಂದದ ಹಾಳೆಗಳೂ ಇಲ್ಲಿ ಪೂರ್ತಿ ಸಾಕ್ಷಿಯಲ್ಲ. ಅಂದು ಬಂದು ಸಂಬಳ ಪಡೆದವರ ಹೆಸರು ಹಾಳೆಯಲ್ಲಿರುತ್ತದೆ, ಅವರು ನುಡಿಸಿದ್ದು ಕೊನೆಯ ಮಿಕ್ಸಿನಲ್ಲಿ ಉಳಿಯಿತೋ ಇಲ್ಲವೋ ಇರುವುದಿಲ್ಲ.

‘ಯುವರ್ ಗೋಲ್ಡ್ ಟೀತ್ 2’ರ ಬಗ್ಗೆ ಇನ್ನಷ್ಟು ಹೇಳಲೇಬೇಕು. ಬಾರ್‌ಗಳು, ಅಂದರೆ ತಾಳದ ಆವರ್ತಗಳು, 3/8, 6/8, 9/8 ಎಂದು ಬದಲಾಗುತ್ತ ಹೋಗುತ್ತವೆ. ಪೊರ್ಕಾರೊ ರಾಕ್ ಮತ್ತು ಸೋಲ್ ಹಿನ್ನೆಲೆಯಿಂದ ಬಂದವರು. ಈ ಆಲ್ಬಮ್ಮಿನಲ್ಲಿ ತಮ್ಮ ತಲೆಯಲ್ಲಿ ಇದ್ದದ್ದು ಜಿಮ್ ಗಾರ್ಡನ್ ಮತ್ತು ಜಿಮ್ ಕೆಲ್ಟ್‌ನರ್ ಮಾತ್ರ ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಈ ಹಾಡು ಆ ಇಬ್ಬರ ದಾರಿಯದಲ್ಲ. ಫೇಗನ್ ಪೊರ್ಕಾರೊಗೆ ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್‌ರ ಒಂದು ರೆಕಾರ್ಡ್ ಕೊಟ್ಟು, ಅದರಲ್ಲಿ ಡ್ಯಾನಿ ರಿಚ್ಮಂಡ್ ಡ್ರಮ್ಸ್ ಹೇಗೆ ನುಡಿಸಿದ್ದಾರೆ ಕೇಳು ಎಂದರು. ಕೇಳುವವರು ಇಲ್ಲಿ ತಪ್ಪುವುದು ಬಾರ್‌ನ ಮೊದಲ ಎಣಿಕೆಯನ್ನು ಹಿಡಿಯಲು ಹೋದಾಗ. ಅದನ್ನು ಬಿಡಿ. ತಿಶ್ರ ನಡೆಯನ್ನು ಹಿಡಿಯಿರಿ: ತಕಿಟ, ತಕಿಟ. ಪ್ರತಿ ತಕಿಟಕ್ಕೆ ಒಂದು ತಟ್ಟು. ನಡೆ ಎಲ್ಲೂ ಮುರಿಯುವುದಿಲ್ಲ, ಒಂದು ಬಾರ್‌ನಲ್ಲಿ ಒಂದೋ ಎರಡೋ ಮೂರೋ ತಕಿಟ ಎನ್ನುವುದಷ್ಟೇ ಬದಲಾಗುತ್ತದೆ. ಹೀಗೆ ನಾಲ್ಕು ಸಲ ತಟ್ಟಿ ಕೇಳಿದರೆ ಸಿಂಬಲ್ಲಿನ ಮೇಲಿನ ಪೆಟ್ಟುಗಳ ನಡಿಗೆ ಎಷ್ಟು ಹಗುರವಾಗಿದೆ ಎಂಬುದು ತಿಳಿಯುತ್ತದೆ, ಅದರ ಮೇಲೆ ಕುಳಿತ ಮಂಕೂ ತಿಳಿಯುತ್ತದೆ.

ಈಗ ಆ ಮಂಕಿನ ವಿಚಾರ. ಟೇಪಿಗೆ ತನ್ನದೇ ಒಂದು ಸುಯ್ ಸದ್ದಿದೆ. ಹಲವು ಟ್ರ್ಯಾಕ್ ಕೂಡಿಸಿ ಇನ್ನೊಂದು ಟೇಪಿಗೆ ಮಿಕ್ಸ್ ಮಾಡುವಾಗ ಅದು ಗುಡ್ಡೆಯಾಗುತ್ತದೆ. ಡಾಲ್ಬಿ ಎ ಎಂಬ ಹಳೆಯ ಉಪಾಯ ಸದ್ದನ್ನು ನಾಲ್ಕು ಪಟ್ಟಿಗಳಾಗಿ ಒಡೆದು ಮೆಲುದನಿಯನ್ನು ಮಾತ್ರ ಎತ್ತಿ ಮುದ್ರಿಸುತ್ತಿತ್ತು, ನುಡಿಸುವಾಗ ಅಷ್ಟೇ ಇಳಿಸುತ್ತಿತ್ತು. ಲಾಭ ಸುಮಾರು 10 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ). ಜೋರಾದ ಸದ್ದನ್ನು ಅದು ಮುಟ್ಟುವುದೇ ಇಲ್ಲ, ಹಾಗಾಗಿ ತಪ್ಪಿದರೂ ಸಣ್ಣದಾಗಿ ತಪ್ಪುತ್ತದೆ. ಆಗ ಹೊಸದಾಗಿದ್ದ ಡಿಬಿಎಕ್ಸ್ ಹಾಗಲ್ಲ. ಅದು ಮೆಲುದನಿಯಿಂದ ಅಬ್ಬರದವರೆಗೆ ಎಲ್ಲವನ್ನೂ ಡೆಸಿಬೆಲ್ ಲೆಕ್ಕದಲ್ಲಿ ಅರ್ಧಕ್ಕೆ ಅದುಮುತ್ತದೆ: 100 ಡೆಸಿಬೆಲ್ ಹರವು ಟೇಪಿನ ಮೇಲೆ 50 ಆಗುತ್ತದೆ, ವಾಪಸು ಬರುವಾಗ ಮತ್ತೆ 100. ಸುಯ್ ಸದ್ದು 30 ಡೆಸಿಬೆಲ್‌ನಷ್ಟು ಕೆಳಗಿಳಿಯುತ್ತದೆ. ಕಾಗದದ ಮೇಲೆ ಅದ್ಭುತ.

ಕೊಕ್ಕೆ ಇರುವುದು ವಾಪಸು ಬರುವಲ್ಲಿ. ಬಿಚ್ಚುವಾಗ ಎಲ್ಲವೂ ಎರಡರಿಂದ ಗುಣಿಸಲ್ಪಡುತ್ತದೆ, ಟೇಪ್ ಯಂತ್ರದ ತಪ್ಪೂ ಸೇರಿ. ಟೇಪನ್ನು ಓದುವ ಹೆಡ್ ಸ್ವಲ್ಪ ಓರೆಯಾಗಿಯೋ ಕೊಳೆಯಾಗಿಯೋ ಸಿಂಬಲ್ಲಿನ ತೀಕ್ಷ್ಣ ಸ್ವರ 3 ಡೆಸಿಬೆಲ್ ಕುಗ್ಗಿದರೆ, ಆ ಸಿಂಬಲ್ ಒಂದೇ ಕೇಳುವ ಗಳಿಗೆಯಲ್ಲಿ ಹೊರಬರುವುದು 6 ಡೆಸಿಬೆಲ್ ಕುಗ್ಗಿ. ಯಂತ್ರ ಮಂದ್ರದ ಒಂದು ಕಡೆ 2 ಡೆಸಿಬೆಲ್ ಉಬ್ಬಿಸಿದರೆ ಬೇಸ್ ಅಲ್ಲಿಗೆ ಬಂದಾಗಲೆಲ್ಲ 4 ಡೆಸಿಬೆಲ್ ಎದ್ದು ನಿಲ್ಲುತ್ತದೆ. ಡಿಬಿಎಕ್ಸ್ ಇಡೀ ಸದ್ದನ್ನು ಒಂದೇ ಪಟ್ಟಿಯಾಗಿ ನೋಡುವುದರಿಂದ ಬೇಸ್‌ನ ಜೊತೆ ಉಳಿದ ವಾದ್ಯಗಳೂ ಏರಿಳಿಯುತ್ತವೆ. ಸ್ನೇರ್ ಡ್ರಮ್ಮಿನ ಪೆಟ್ಟಿನ ಮೊದಲ ತುದಿಯಲ್ಲಿ ಟೇಪು ತುಂಬಿ ಹೋದರೆ ಆ ತುದಿ ಮತ್ತಷ್ಟು ಮೊಂಡಾಗುತ್ತದೆ. ಬಿಚ್ಚುವ ಉಪಕರಣ ಅದುಮಿದ ಉಪಕರಣಕ್ಕೆ ಕರಾರುವಾಕ್ಕಾಗಿ ಹೊಂದದೆ ಹೋದರಂತೂ ಕೇಳುವುದೇ ಬೇಡ.

ಈ ತಪ್ಪನ್ನು ನಂತರ ಟೋನ್ ತಿರುಗಿಸಿ ಏಕೆ ತಿದ್ದಲಾಗದು? ಸ್ಥಿರವಾದ ಕೊರತೆಯಾದರೆ ತಿದ್ದಬಹುದು. ಇದು ಗಳಿಗೆಗೆ ಒಂದರಂತೆ ಬದಲಾಗುವ ಕೊರತೆ. ಒಂದು ಬಾರ್‌ನಲ್ಲಿ ಬೇಕಾದ ತಿದ್ದುಪಡಿ ಮುಂದಿನದಕ್ಕೆ ವಿಷ. ಅದಕ್ಕೇ ಬಲ್ಲ ಎಂಜಿನಿಯರ್‌ಗಳು ಇಂಥ ಟೇಪಿನ ತಲೆಯಲ್ಲಿ 100 ಹರ್ಟ್ಸ್, 1 ಕಿಲೊಹರ್ಟ್ಸ್, 10 ಕಿಲೊಹರ್ಟ್ಸ್ ಶುದ್ಧ ಸ್ವರಗಳನ್ನು ಡಿಬಿಎಕ್ಸ್ ಇಲ್ಲದೆಯೇ ಮುದ್ರಿಸಿಡುತ್ತಾರೆ, ನುಡಿಸುವ ಯಂತ್ರವನ್ನು ಮೊದಲು ಅದಕ್ಕೆ ಸರಿಹೊಂದಿಸಿಕೊಳ್ಳಲು. ಜೊತೆಗೆ ಇನ್ನೊಂದು ಯಂತ್ರದಲ್ಲಿ ಅದೇ ಮಿಕ್ಸಿನ, ಡಿಬಿಎಕ್ಸ್ ಇಲ್ಲದ ಬರಿಯ ಪ್ರತಿಯೊಂದನ್ನು ಓಡಿಸಿಕೊಳ್ಳುತ್ತಾರೆ. ಮೊದಲ ಹಾಡು ಮಿಕ್ಸ್ ಆದ ಕೂಡಲೇ, ಕನ್ಸೋಲಿನ ಗುಂಡಿಗಳನ್ನು ಮುಟ್ಟುವ ಮೊದಲೇ, ಬಿಚ್ಚಿ ಕೇಳಿ ಮೂಲದ ಜೊತೆ ಹೋಲಿಸುತ್ತಾರೆ. ಸುಯ್ ಸದ್ದಿದ್ದರೂ ಪರವಾಗಿಲ್ಲ, ಬರಿಯ ಪ್ರತಿ ಸುಳ್ಳು ಹೇಳುವುದಿಲ್ಲ.

ಇನ್ನು ನಿಮ್ಮ ಸೂಜಿಯ ಪರೀಕ್ಷೆ. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಅಂಚಿನ ಗೆರೆ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುತ್ತದೆ, ಒಳತುದಿಯದು ಸುಮಾರು 21. ಸವೆದ ಸೂಜಿ ಅಥವಾ ಓರೆಯಾಗಿ ಕೂತ ಕಾರ್ಟ್ರಿಜ್ (ಸೂಜಿಯನ್ನು ಹಿಡಿದಿರುವ ಭಾಗ) ಮೊದಲು ತೊದಲುವುದು ಒಳತುದಿಯಲ್ಲಿ. ಮೊದಲ ಬದಿಯ ಅಂಚಿನಲ್ಲಿ ‘ಬ್ಲ್ಯಾಕ್ ಫ್ರೈಡೇ’, ಒಳತುದಿಯಲ್ಲಿ ‘ಡಾಕ್ಟರ್ ವೂ’. ಎರಡರಲ್ಲೂ ಡ್ರಮ್ಸ್ ಪೊರ್ಕಾರೊ ಅವರದೇ ಆದ್ದರಿಂದ ಹೋಲಿಕೆ ನ್ಯಾಯವಾದದ್ದು. ‘ಬ್ಲ್ಯಾಕ್ ಫ್ರೈಡೇ’ಯಲ್ಲೇ ಸಿಂಬಲ್ ಮಂಕಾಗಿದ್ದು, ‘ಡಾಕ್ಟರ್ ವೂ’ದಲ್ಲಿ ಸರಿಸುಮಾರು ಅಷ್ಟೇ ಮಂಕಿದ್ದರೆ ಅದು ರೆಕಾರ್ಡಿಂಗಿನ ಗುಣ. ‘ಡಾಕ್ಟರ್ ವೂ’ಗೆ ಬರುವಷ್ಟರಲ್ಲಿ ಫೇಗನ್‌ರ ಸಕಾರಗಳು ಉಗುಳಿದಂತೆ ಕೇಳಿ, ವುಡ್ಸ್‌ರ ಸ್ಯಾಕ್ಸ್ ಒಡೆದರೆ ಅದು ನಿಮ್ಮ ಸೂಜಿಯ ಕೆಲಸ, ಇಲ್ಲವೇ ಹಿಂದಿನ ಮಾಲೀಕರ ಸೂಜಿ ಗೆರೆಯನ್ನು ಕೆರೆದದ್ದು. ಯಾವುದೆಂದು ತಿಳಿಯಲು ಹೊಸದಾಗಿ ಕೊಂಡ ಬೇರೊಂದು ತಟ್ಟೆಯ ಕೊನೆಯ ಹಾಡನ್ನು ಹಾಕಿ ನೋಡಿ. ಅದೂ ಒಡೆದರೆ ಸೂಜಿಯದೇ ತಪ್ಪು. ಸೂಜಿಯ ಭಾರವನ್ನು ಕಾರ್ಟ್ರಿಜ್ ತಯಾರಕರು ಹೇಳಿದ ಮಿತಿಯ ಮೇಲ್ತುದಿಗೆ ಇಡಿ. ಕಡಿಮೆ ಭಾರವೇ ತಟ್ಟೆಗೆ ಒಳ್ಳೆಯದೆಂಬುದು ತಪ್ಪು ನಂಬಿಕೆ, ಹಗುರವಾಗಿ ಕುಣಿಯುವ ಸೂಜಿಯೇ ಗೆರೆಯನ್ನು ಹೆಚ್ಚು ಕೆರೆಯುವುದು.

ಎರಡನೆಯ ಬದಿಯಲ್ಲಿ ಇದೇ ಪರೀಕ್ಷೆಗೆ ‘ಯುವರ್ ಗೋಲ್ಡ್ ಟೀತ್ 2’ ಮತ್ತು ‘ಥ್ರೋ ಬ್ಯಾಕ್ ದಿ ಲಿಟ್ಲ್ ಒನ್ಸ್’ ಬಳಸಿ. ನಡುವೆ ಬರುವ ‘ಎನಿ ವರ್ಲ್ಡ್’ ಬೇಡ. ಅಲ್ಲಿ ಹಾಲ್ ಬ್ಲೇನ್ ಕುಳಿತಿದ್ದಾರೆ, ಕೈಯೂ ಬೇರೆ. ಸಿಂಬಲ್ ಬೇರೆಯಾಗಿ ಕೇಳಿದರೆ ಅದು ಸೂಜಿಯಿಂದಲೋ ಡಿಬಿಎಕ್ಸ್‌ನಿಂದಲೋ ಮನುಷ್ಯನಿಂದಲೋ ಹೇಳಲಾಗದು. ಪರೀಕ್ಷೆ ಮುಗಿದು ಸೂಜಿ ಸರಿಯಿದೆ ಎಂದಾದರೆ ಟ್ರೆಬಲನ್ನು 8 ಕಿಲೊಹರ್ಟ್ಸ್‌ನಿಂದ ಮೇಲಕ್ಕೆ ಒಂದೆರಡು ಡೆಸಿಬೆಲ್ ಏರಿಸಿ ಕೇಳಿ. ಅದಕ್ಕಿಂತ ಹೆಚ್ಚು ಬೇಡ, ಪಿಯಾನೊ ತಗಡಾಗುತ್ತದೆ. ನಿಕಲ್ಸ್ ಅವರೇ 1999ರಲ್ಲಿ ರೀಮಾಸ್ಟರ್ ಮಾಡಿದ ಸಿಡಿ ಸಿಕ್ಕರೆ ಪಕ್ಕದಲ್ಲಿಟ್ಟು ಹೋಲಿಸಬಹುದು. ಅದರಲ್ಲೂ ಸಿಂಬಲ್‌ಗಳು ‘ಪ್ರೆಟ್ಜೆಲ್ ಲಾಜಿಕ್’ನಷ್ಟು ತೆರೆದುಕೊಳ್ಳುವುದಿಲ್ಲ.